ಊಟಕ್ಕೆ ಬಂದ ದೆವ್ವ

ಹ್ಯೂಸ್ಟನ್ ಪಕ್ಕದ ಊರಾದ ಸೈಪ್ರೆಸ್ಸಿನ ನಮ್ಮ ಮನೆಯ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ, ದೆವ್ವಕ್ಕಿದೆ ಎಂದರೆ ನೀವು ನಗುತ್ತೀರಿ. ಪಕ್ಕದ ಮನೆಯ ಲಿನ್ ಸಂಗೀತ ಸಂಯೋಜಕಿ. ಚೀನಾದ ಹಳೆಯ ದೆವ್ವದ ಕಥೆಯೊಂದನ್ನು ಈ ಕಾಲದ ಒಪೆರಾ ಮಾಡಲು, ಅಂದರೆ ಮಾತೆಲ್ಲ ಹಾಡೇ ಆದ ನಾಟಕ ಮಾಡಲು ಹೊರಟಿದ್ದಳು. ಅವಳ ಮನೆಯಲ್ಲಿ ಪಿಯಾನೊ ಬಿಟ್ಟರೆ ಕಾಲಿಡಲು ಸ್ಥಳವಿಲ್ಲದ್ದರಿಂದ ರಿಹರ್ಸಲ್ ನಮ್ಮಲ್ಲಿ. ಕಾರು ಬಿಸಿಲಲ್ಲಿ ಬೆಂದಿತು, ಗಂಡ ಗೊಣಗಿದರು, ನಾನು ಬಂದವರಿಗೆಲ್ಲ ಕಾಫಿ ಮಾಡಿದೆ.

ಕಥೆ ಸರಳ. ಸತ್ತ ಹೆಂಡತಿ ಗಂಡನ ಮೇಲಿನ ಮೋಹ ತಡೆಯಲಾರದೆ ಮತ್ತೆ ಮತ್ತೆ ಮನೆಗೆ ಬರುತ್ತಾಳೆ. ಕೊನೆಗೊಬ್ಬ ಸನ್ಯಾಸಿ ಬಾಗಿಲಿಗೆ ಮಂತ್ರದ ಚೀಟಿ ಅಂಟಿಸಿ ಅವಳನ್ನು ಓಡಿಸುತ್ತಾನೆ. ಇದನ್ನು ಲಿನ್‌ಗೆ ಹೇಳಿದ್ದು ಅವಳಮ್ಮ. ಆ ಅಮ್ಮ ಬೇಸಿಗೆಯಲ್ಲಿ ತೀರಿಕೊಂಡರು, ಒಪೆರಾ ಕೊನೆಯ ದೃಶ್ಯದ ಹೊಸ್ತಿಲಲ್ಲಿ ನಿಂತುಬಿಟ್ಟಿತು. ಪಿತೃಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ ಲಿನ್ ಬಂದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದರೆ ಹೀಗೆ: "ಇದನ್ನ ಇಲ್ಲಿಗೇ ಬಿಟ್ಬಿಡ್ತೀನಿ. ಬಂದವಳನ್ನ ಹೋಗು ಅಂತ ಯಾವ ರಾಗದಲ್ಲಿ ಹೇಳ್ಲಿ? ನಮ್ಮಮ್ಮ ಬಂದ್ರೆ ಓಡಿಸ್ತೀನಾ?"

ನಾನು ಅವಳನ್ನು ಒಳಗೆ ಕರೆದು ಒಲೆಯ ಕಡೆ ಓಡಿದೆ. ಅಂದು ನಮ್ಮತ್ತೆಗೆ ಎಡೆ. ಅವರಿಗಿಷ್ಟವಾದ ವಡೆ, ಹುಳಿ, ಪಾಯಸವನ್ನು ಎಲೆಯಲ್ಲಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ಸ್ಟ್ರಾಂಗ್ ಕಾಫಿಯಿಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಂತೆವು.

"ಒಳಗೆ ಯಾರಿದ್ದಾರೆ?" ಎಂದಳು ಲಿನ್.

"ನಮ್ಮತ್ತೆ. ಊಟ ಮಾಡ್ತಿದ್ದಾರೆ."

ಅವಳು ತಕ್ಷಣ ದನಿ ತಗ್ಗಿಸಿದಳು. ಆ ತಗ್ಗಿದ ದನಿಗೇ ನನಗೆ ಅವಳ ಮೇಲೆ ಅಕ್ಕರೆ ಉಕ್ಕಿತು. ತುಸು ಹೊತ್ತಾದ ಮೇಲೆ ನನ್ನ ಗಂಡ ಸಣ್ಣಗೆ ಕೆಮ್ಮಿ ಬಾಗಿಲು ತೆರೆದರು. ಕೆಮ್ಮಿದ್ದೇಕೆಂದು ಲಿನ್ ಕೇಳಿದಳು. "ಸಡನ್ನಾಗಿ ನುಗ್ಗಿದ್ರೆ ಅಮ್ಮಂಗೆ ಮುಜುಗರ ಆಗಲ್ವಾ?" ಎಂದರು. ಲಿನ್ ನಾನು ಕೊಟ್ಟ ವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು.

ನೀವೇ ಯೋಚಿಸಿ ನೋಡಿ, ನಾವು ದೆವ್ವವೆಂದು ಹೆದರುವುದೆಲ್ಲ ಬೇರೆಯವರ ಮನೆಯ ಸತ್ತವರಿಗೆ. ನಮ್ಮವರು ಸತ್ತರೆ ಅವರು ಹಿರಿಯರು, ಅವರು ಬಂದಾರೆಂಬ ಭಯಕ್ಕಿಂತ ಬರಲಿಲ್ಲವಲ್ಲ ಎಂಬ ಕೊರಗೇ ದೊಡ್ಡದು. ಚೀನಾದಲ್ಲೂ ಸತ್ತವರಿಗೆ ಊಟ ಬಡಿಸುತ್ತಾರಂತೆ. ಹಾಗಿದ್ದ ಮೇಲೆ ಆ ಬಡಪಾಯಿ ಹೆಂಡತಿಗೆ ಮಾತ್ರ ಏಕೆ ಚೀಟಿ?

ಲಿನ್ ಸನ್ಯಾಸಿಯನ್ನೇ ಕೈಬಿಟ್ಟಳು. ಹೊಸ ಕೊನೆಯಲ್ಲಿ ಗಂಡ ಬಿಸಿ ನೂಡಲ್ಸ್ ಬಡಿಸಿಟ್ಟು, ಬಾಗಿಲು ಮುಚ್ಚಿ, ಹೊರಗೆ ಕಾಯುತ್ತಾನೆ; ವಾದ್ಯಗಳೆಲ್ಲ ಸುಮ್ಮನಾಗುತ್ತವೆ; ಪಿಯಾನೊ ಮುಂದೆ ಕೂತ ಲಿನ್ ಕೈಯೆತ್ತಿದಾಗ ಅವನು ಕೆಮ್ಮಿ ಒಳಹೋಗುತ್ತಾನೆ. ಅಷ್ಟರಲ್ಲಿ ಹೆಂಡತಿ ಉಂಡು ಹೊರಟಿರುತ್ತಾಳೆ.

ಹ್ಯೂಸ್ಟನ್ನಿನ ಪುಟ್ಟ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಕೊನೆಯ ದೃಶ್ಯದಲ್ಲಿ ಬಾಗಿಲು ಮುಚ್ಚಿತು. ಗಂಡನ ಪಾತ್ರದ ಗಾಯಕ ಲಿನ್ ಕಡೆ ನೋಡಿದ. ಅವಳ ಕೈಗಳು ಮಡಿಲಲ್ಲೇ ಇದ್ದವು. ರಿಹರ್ಸಲ್‌ನಲ್ಲಿ ಈ ಮೌನ ಇಷ್ಟು ಉದ್ದವಿರಲಿಲ್ಲ. ಜನ ಕುರ್ಚಿಗಳಲ್ಲಿ ಮಿಸುಕಾಡತೊಡಗಿದರು.

"ಮರೆತುಬಿಟ್ಲೇನೇ?" ಎಂದರು ಗಂಡ ನನ್ನ ಕಿವಿಯಲ್ಲಿ.

"ಇಲ್ಲ ರೀ," ಎಂದೆ. "ಅವರಮ್ಮ ಇನ್ನೂ ಊಟ ಮಾಡ್ತಿದ್ದಾರೆ."