ರೇಡಿಯೋ ಬಿತ್ತರಿಸದ ಸುದ್ದಿ

ನಮ್ಮ ಆಟೋ ಸ್ಟ್ಯಾಂಡಿನ ಎದುರಿಗೆ ಕ್ಷೌರದಂಗಡಿ ಇಟ್ಟವನನ್ನು ನಾವೆಲ್ಲ ರೇಡಿಯೋ ಎಂದೇ ಕರೆಯುವುದು. ಎರಡು ಕುರ್ಚಿ, ಅಂಚು ಕಪ್ಪಾದ ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಿತೆಂದರೆ ಅವನ ಬಾಯಿಯೂ ತೆರೆಯಿತು ಎಂದೇ ಅರ್ಥ. ಯಾರ ಮನೆಯ ನಲ್ಲಿ ಸೋರುತ್ತಿದೆ, ಯಾರ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ, ಎಲ್ಲ ಅಲ್ಲಿಂದಲೇ ಬಿತ್ತರವಾಗಬೇಕು. ನನಗಂತೂ ಗಡ್ಡ ಬರೀ ನೆಪ, ಹೋಗುತ್ತಿದ್ದದ್ದು ಸುದ್ದಿಗೆ.

ಅಂಥವನು ಒಂದೇ ಒಂದು ಸುದ್ದಿಯನ್ನು ನುಂಗಿಕೊಂಡ. ಊರಿನ ಆ ತುದಿಯಲ್ಲಿ ಗಂಡನ ಮನೆಯಲ್ಲಿದ್ದ ಅವನ ಒಬ್ಬಳೇ ಮಗಳಿಗೆ ಏಳು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು. ಮೊದಲ ದಿನ ಆಸ್ಪತ್ರೆಗೆ ಹೋಗಿ, ಬೆಚ್ಚಗಿಡುವ ಪೆಟ್ಟಿಗೆಯೊಳಗೆ ಕೊಳವೆಗಳ ನಡುವೆ ಮಲಗಿದ್ದ ಆ ಜೀವವನ್ನು ಗಾಜಿನಾಚೆಯಿಂದ ನೋಡಿ ಬಂದ. ಮರುದಿನ ನಾನು "ಮಗಳು ಹೇಗಿದ್ದಾಳೋ?" ಎಂದರೆ, "ಇನ್ನೂ ಟೈಮಿದೆ ಕಣೋ. ಅವಳಮ್ಮ ಬಾಣಂತನಕ್ಕೆ ಅಂತ ಈಗ್ಲೇ ಹೋಗಿ ಕೂತಿದ್ದಾಳೆ" ಎಂದುಬಿಟ್ಟ. ಮಗು ಉಳಿಯುವುದಿಲ್ಲ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಹುಟ್ಟಿದ್ದನ್ನೇ ಹೇಳದಿದ್ದರೆ ಹೋದದ್ದನ್ನೂ ಯಾರಿಗೂ ಹೇಳಬೇಕಾಗಿಲ್ಲವಲ್ಲ!

ಮಗು ಹೋಗಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು, ಆಡಿದ ಸುಳ್ಳನ್ನು ಮಾತ್ರ ವಾಪಸ್ ತೆಗೆದುಕೊಳ್ಳಲು ಅವನಿಂದಾಗಲಿಲ್ಲ. ಮಗಳು ಕರೆದಾಗಲೆಲ್ಲ "ನೆಗಡಿ ಕಣಮ್ಮ, ಮಗೂಗೆ ತಗುಲಿದ್ರೆ ಕಷ್ಟ" ಎಂದು ಫೋನಿನಲ್ಲೇ ಜಾರಿಕೊಳ್ಳುತ್ತಿದ್ದ. ಪಾಪ, ಅವಳು ನಂಬಿದ್ದಳು. ಇದನ್ನೆಲ್ಲ ಅವನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಅಷ್ಟರಲ್ಲಿ ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಟೀಚರಮ್ಮ ಒಂದು ಕೆಲಸ ಹಿಡಿದರು. ದಿನ ತುಂಬದೆ ಹುಟ್ಟಿದ ಮಕ್ಕಳ ತಾಯಂದಿರು ಆಸ್ಪತ್ರೆಯ ಕಾರಿಡಾರಿನಲ್ಲೇ ಚಾಪೆ ಹಾಸಿ ಮಲಗುತ್ತಾರೆ, ಅವರಿಗೆ ಹತ್ತಿರದಲ್ಲೊಂದು ಬಾಡಿಗೆ ಕೋಣೆ ಮಾಡಿಕೊಡಬೇಕು, ಅದಕ್ಕೆ ಚಂದಾ. ಅವರು ಮಾತು ಮುಗಿಸುವ ಮೊದಲೇ ರೇಡಿಯೋ, "ಈ ಭಾನುವಾರದ ಕಟಿಂಗ್ ದುಡ್ಡೆಲ್ಲಾ ನಿಮ್ದೇ" ಎಂದ.

"ಸ್ವಂತ ಮನೇಲಿ ಇಂಥದ್ದೇನೂ ಇಲ್ದೇ ಇದ್ರೂ ಎಷ್ಟು ದೊಡ್ಡ ಮನಸ್ಸಪ್ಪಾ ನಿಮ್ದು!" ಎಂದರು ಟೀಚರಮ್ಮ. ಅವನು ಪೊರಕೆ ಹಿಡಿದು, ಗುಡಿಸಿದ ನೆಲವನ್ನೇ ಮತ್ತೆ ಗುಡಿಸತೊಡಗಿದ. ನಾಚಿಕೆ ಎಂದುಕೊಂಡೆವು ನಾವು, ದಡ್ಡರು.

ಭಾನುವಾರ ಸಾಲು ಬೀದಿಗೆ ಬಂದಿತ್ತು. ಬ್ಯಾಂಕಿನ ಬೋಳುತಲೆಯ ಮ್ಯಾನೇಜರರೂ ಬಂದು, "ಇರೋ ನಾಲ್ಕು ಕೂದಲಿಗೆ ಏನಾದ್ರೂ ಮಾಡಪ್ಪ" ಎಂದು ಕೂತರು. ರೇಡಿಯೋ ಊಟಕ್ಕೂ ಏಳಲಿಲ್ಲ, ಮಾತಂತೂ ಇಲ್ಲವೇ ಇಲ್ಲ. "ಏನೋ, ಇವತ್ತು ಸ್ಟೇಷನ್ನಿಗೆ ರಜೆನಾ?" ಎಂದು ಕೆಣಕಿದೆ. "ಕತ್ತು ಅಲ್ಲಾಡಿಸ್ಬೇಡ" ಎಂದಷ್ಟೇ ಅಂದ. ನನ್ನ ಒಂದು ಕೆನ್ನೆ ಬೋಳಿಸಿ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ.

ಆಗ ಟೀಚರಮ್ಮ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. "ನೋಡಿ, ನೀವೆಲ್ಲ ಸಹಾಯ ಮಾಡ್ತಿರೋದು ಇಂಥವರಿಗೆ. ಆಸ್ಪತ್ರೇಲಿ ಪರಿಚಯ ಆದಳು. ಅಂಗಡಿ ನೋಡ್ಲೇಬೇಕು ಅಂತ ಹಟ ಹಿಡಿದು ಬಂದಿದ್ದಾಳೆ. ತಿಂಗಳಾಯ್ತು ಮಗು ಹುಟ್ಟಿ, ಇನ್ನೂ ಪೆಟ್ಟಿಗೇಲೇ ಇದೆ."

ನಾನು ಕನ್ನಡಿಯಲ್ಲಿ ನೋಡಿದೆ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ! "ಅರೆ, ಇವಳು ನಿನ್ನ ಮಗಳಲ್ವೇನೋ? ಕೇಳಿದಾಗ ಇನ್ನೂ ಟೈಮಿದೆ ಅಂದಿದ್ದೆ?"

ನನ್ನ ಕುತ್ತಿಗೆಯ ಮೇಲಿನ ಕತ್ತಿ ತೆಗೆಯುವುದನ್ನೇ ರೇಡಿಯೋ ಮರೆತ, ಜೀವ ಬಾಯಿಗೆ ಬಂದಿತ್ತು ನನಗೆ. ಮಗಳು ಒಳಗೆ ಬರುವಾಗ ನಗುತ್ತ ಬಂದಿದ್ದಳು. ಅಪ್ಪ ಇದನ್ನೆಲ್ಲ ತನ್ನ ಮಗುವಿಗಾಗಿ ಮಾಡುತ್ತಿದ್ದಾರೆ ಎಂದುಕೊಂಡು, ಅಪ್ಪನಿಗೆ ಅಚ್ಚರಿಯಾಗಲಿ ಎಂದು ತಾನು ಯಾರ ಮಗಳೆಂಬುದನ್ನು ಟೀಚರಮ್ಮನಿಗೂ ಹೇಳದೆ ಬಂದವಳು. ಆ ನಗು ಹಾಗೇ ಇಳಿದುಹೋಯಿತು. ಅಪ್ಪನನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾನೇ ಹೇಳಿದ್ದೆ ಮಾಮಾ, ಯಾರಿಗೂ ಹೇಳ್ಬೇಡಿ ಅಂತ" ಎಂದಳು. "ದೃಷ್ಟಿ ಆಗುತ್ತೆ ಅಂತ."

ಎಲ್ಲರೂ ಉಸಿರು ಬಿಟ್ಟರು. "ಎಂಥಾ ಮನೆತನ!" ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. ಮಗಳು, "ಹಾಲು ಕೊಡೋ ಹೊತ್ತಾಯ್ತು" ಎಂದು ಹೊರಟೇಬಿಟ್ಟಳು. ಟೀಚರಮ್ಮನ ಸ್ಕೂಟರ್ ತಿರುವು ದಾಟಿತು.

ರೇಡಿಯೋ ಕತ್ತಿ ಕೆಳಗಿಟ್ಟ. "ಅವಳು ಏನೂ ಹೇಳಿರ್ಲಿಲ್ಲ. ನಾನೇ ಸುಳ್ಳು ಹೇಳಿದ್ದು. ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿ ಹೋದ್ಳು ನನ್ ಮಗಳು" ಎಂದ. ಬೆಂಚಿನ ಮೇಲಿದ್ದವರು ತಲೆ ತಗ್ಗಿಸಿದರು. ಅಂಗಡಿಯನ್ನು ಹಾಗೇ ಬಿಟ್ಟು ಬೀದಿಗಿಳಿದವನನ್ನು ನಾನೇ ಆಟೋದಲ್ಲಿ ಕೂರಿಸಿಕೊಂಡೆ, ಅರ್ಧ ಗಡ್ಡದಲ್ಲೇ. ಬೇರೆ ದಿನವಾಗಿದ್ದರೆ ಆ ವೇಷಕ್ಕೆ ಅವನೇ ವಾರವಿಡೀ ನಗುತ್ತಿದ್ದ. ದಾರಿಯುದ್ದಕ್ಕೂ ಹಿಂದಿನಿಂದ ಬಿಕ್ಕುವುದು ಕೇಳುತ್ತಿತ್ತು. ಸಮಾಧಾನ ಹೇಳುವ ಮುಖ ನನಗೂ ಇರಲಿಲ್ಲ.

ಮಕ್ಕಳ ವಾರ್ಡಿನ ಬಾಗಿಲ ಪಕ್ಕದ ನಲ್ಲಿಯಲ್ಲಿ ಮಗಳು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಇವನೂ ಹೋಗಿ ಪಕ್ಕದಲ್ಲಿ ನಿಂತು ತೋಳು ಮಡಿಸಿದ. ಸಿಸ್ಟರ್ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಾಲರಿನಲ್ಲಿ, ಅಂಗಿಯ ಮಡಿಕೆಯಲ್ಲಿ, ತೋಳಿನ ತುಂಬ ಊರಿನವರ ಕೂದಲು.

"ಮೈತುಂಬ ಕೂದಲಿದೆಯಲ್ರೀ, ಒಳಗೆ ಬಿಡೋಕಾಗಲ್ಲ. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ನಾಳೆ ಬನ್ನಿ."

ಅವನು ತಲೆಯಾಡಿಸಿದ. ಆಮೇಲೆ ಮಗಳ ಮುಖ ನೋಡಲಾರದೆ ನಲ್ಲಿಯನ್ನೇ ನೋಡುತ್ತ, "ಉಳಿಯಲ್ಲ ಅನ್ನಿಸ್ಬಿಡ್ತು ಕಣಮ್ಮಾ. ಅದಕ್ಕೇ..." ಎಂದ.

ಮಗಳು ನಲ್ಲಿ ನಿಲ್ಲಿಸಿದಳು.

"ನಂಗೂ ಹಾಗೇ ಅನ್ನಿಸ್ತಿತ್ತಪ್ಪಾ. ದಿನಾ ಅನ್ನಿಸ್ತಿತ್ತು. ಆದ್ರೂ ಬರ್ತಿದ್ದೆ."

ಕೈ ಎಲ್ಲಿಯೂ ತಾಗದಂತೆ ಭುಜದಿಂದ ಬಾಗಿಲು ತಳ್ಳಿಕೊಂಡು ಅವಳು ಒಳಗೆ ಹೋದಳು. ಅವನು ಹೊರಗೇ ನಿಂತ.