ದಿಬ್ಬದ ಮನೆಗೆ ನೀರು

ಟೊರ್ಕೆಲ್ ಹುಟ್ಟಿದ್ದು ನಾರ್ವೆಯ ಒಂದು ಕಡಿದಾದ ಕಣಿವೆಯಲ್ಲಿ. ಅವನು ಚಿಕ್ಕವನಿದ್ದಾಗ ಒಂದು ಚಳಿಗಾಲ ಬೆಟ್ಟದ ಹಿಮ ಜಾರಿ ಬಂದು ಮನೆಯನ್ನೂ, ಒಳಗಿದ್ದ ಅಜ್ಜಿಯನ್ನೂ, ಅಕ್ಕನನ್ನೂ ಮುಚ್ಚಿಹಾಕಿತ್ತು. ಆಮೇಲೆ ಆ ಕಣಿವೆಯವರು ತಗ್ಗಿನಲ್ಲಿ ಮನೆ ಕಟ್ಟಲೇ ಇಲ್ಲ. ಹಾಗೆ ಬೆಳೆದವನು ಹಡಗಿನಲ್ಲಿ ಸಾಗರ ದಾಟಿ, ಹೆಂಡತಿ ಗುನ್‌ಹಿಲ್ಡ್‌ಳನ್ನೂ ಕೈಗೂಸು ಸೀಗ್ರಿಯನ್ನೂ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಡಕೋಟಾದ ಬಯಲಿಗೆ ಬಂದ. ಇಲ್ಲಿ ಬೆಟ್ಟ ಎಂಬ ಮಾತೇ ಇಲ್ಲ. ಐದು ವರ್ಷ ಉಳುಮೆ ಮಾಡಿಕೊಂಡಿದ್ದರೆ ನಿನ್ನದೇ ಎಂದು ಸರ್ಕಾರ ಕೊಟ್ಟ ಜಮೀನಿನಲ್ಲಿ ಇದ್ದದ್ದು ಬರೀ ಹುಲ್ಲು, ನಡುವೆ ಒಂದೇ ಒಂದು ದಿಬ್ಬ. ಪುಣ್ಯಾತ್ಮ ಅದರ ನೆತ್ತಿಯ ಮೇಲೆಯೇ ಮನೆ ಕಟ್ಟಿದ. ನೀರಿನ ಒರತೆ ಇದ್ದದ್ದು ಕೆಳಗೆ, ತಗ್ಗಿನಲ್ಲಿ.

ನಾನು ಬೆರ್ಟೆ, ಪಕ್ಕದ ಜಮೀನಿನವಳು. ಆ ಮನೆಗೆ ಹುಲ್ಲುಬೇರಿನ ಹೆಂಟೆ ಕೊಯ್ದು ಗೋಡೆ ಏರಿಸುವಾಗ ನಾನೂ ನನ್ನ ಗಂಡ ಸೀವರೂ ಕೈ ಹಾಕಿದ್ದೆವು.

"ಹಿಮ ಎಲ್ಲಿಂದ ಜಾರತ್ತೆ ಮಾರಾಯ, ಆಕಾಶದಿಂದ್ಲಾ?" ಎಂದು ಸೀವರ್ ಕಿಚಾಯಿಸಿದ.

"ನಗು ನಗು," ಎಂದ ಟೊರ್ಕೆಲ್. "ನಮ್ಮಜ್ಜಿನೂ ನಗ್ತಿದ್ಲು."

ಸೀವರ್ ಬಗ್ಗಿ ಇನ್ನೊಂದು ಹೆಂಟೆ ಎತ್ತಿಕೊಟ್ಟ.

ದಿಬ್ಬದ ಮೇಲೆ ಬಾವಿಯನ್ನೂ ತೋಡಿದ. ಸಿಕ್ಕಿದ್ದು ಒಣ ಜಲ್ಲಿಕಲ್ಲು. ಎತ್ತುಗಳು ಹೊಲಕ್ಕೆ ಬೇಕಿದ್ದವು. ನೀರಿಗೆ ಗುನ್‌ಹಿಲ್ಡ್ ಇದ್ದಳು. ಹೆಗಲಿಗೆ ಅಡ್ಡೆ, ಎರಡು ತುದಿಗೆ ಎರಡು ಬಕೆಟ್ಟು. ಅಡುಗೆಗೆ, ಹಸುವಿಗೆ, ಮಗುವಿನ ಬಟ್ಟೆಗೆ, ಅವನು ಹೊಲದಿಂದ ಬಂದರೆ ಕಾಲು ತೊಳೆಯುವುದಕ್ಕೆ. ಟೊರ್ಕೆಲ್ ಸೋಮಾರಿಯಲ್ಲ, ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನೂ ಅಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ನೇಗಿಲ ಹಿಂದೆ ನಡೆದು, ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ನೀರು ಮನೆಯಲ್ಲಿ ಇರುತ್ತಿತ್ತು, ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಮೂರನೆಯ ಚಳಿಗಾಲದಲ್ಲಿ ಹಿಮದ ಬಿರುಗಾಳಿ ಬಡಿಯಿತು. ನಮ್ಮ ಮನೆ ಇದ್ದದ್ದು ತಗ್ಗಿನಲ್ಲಿ, ಹಿಮ ರಾಶಿಬಿದ್ದು ಮಾಡಿನವರೆಗೂ ಮುಚ್ಚಿಹೋಯಿತು. ನಮ್ಮ ಒಲೆಯ ಹೊಗೆ ಕಾಣದೆ ಟೊರ್ಕೆಲ್ ಸಲಿಕೆ ಹಿಡಿದು ಓಡಿ ಬಂದ. ಮಾಡು ಒಡೆದು ನನ್ನನ್ನು ತೋಳು ಹಿಡಿದು ಮೇಲಕ್ಕೆಳೆದಾಗ ಅವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ದಿಬ್ಬದ ಮೇಲೆ ಗಾಳಿ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಅವನ ಮನೆಗೆ ಏನೂ ಆಗಿರಲಿಲ್ಲ. ಆ ದಿನದಿಂದ ಅವನಿಗೆ ಎದುರು ಹೇಳಲು ನಮಗೆ ಬಾಯಿ ಬರಲಿಲ್ಲ. ನಮ್ಮ ಜೀವ ಉಳಿದದ್ದಕ್ಕೆ ಗುನ್‌ಹಿಲ್ಡ್ ಬೆಲೆ ತೆತ್ತಳು ಅಂತ ನನಗೆ ಈಗಲೂ ಅನಿಸುತ್ತದೆ.

ಮರುವರ್ಷ ತುಂಬು ಬಸುರಿ, ಮಂಜುಗಟ್ಟಿದ ಏರಿನಲ್ಲಿ ಅಡ್ಡೆ ಸಮೇತ ಜಾರಿ ಬಿದ್ದಳು. ಗಂಡುಮಗು ಉಳಿಯಲಿಲ್ಲ. ಟೊರ್ಕೆಲ್ ಮರುದಿನ ದಾರಿಯುದ್ದಕ್ಕೂ ಒಲೆಯ ಬೂದಿ ಚೆಲ್ಲಿದ. ಮನೆಯನ್ನು ಮಾತ್ರ ಕೆಳಗಿಳಿಸಲಿಲ್ಲ.

ಐದು ವರ್ಷ ತುಂಬಿ ಕೊನೆಗೂ ಜಮೀನು ಟೊರ್ಕೆಲ್‌ನ ಹೆಸರಿಗಾಯಿತು. ಅವನು ಅಷ್ಟೂ ವರ್ಷ ಇಲ್ಲೇ ಉತ್ತಿದ್ದಾನೆ ಎಂದು ಸೀವರ್ ಸಾಕ್ಷಿ ಹೇಳಿ ಬಂದಿದ್ದ. ಎಲ್ಲರೂ ದಿಬ್ಬದ ಮೇಲೆ ಕೂತು ಕಾಫಿ ಕುಡಿಯುವಾಗ ಗುನ್‌ಹಿಲ್ಡ್ ಮೆಲ್ಲಗೆ ಕೇಳಿದಳು: "ಇನ್ನಾದ್ರೂ ಕೆಳಗೆ ಹೋಗೋಣ್ವಾ?"

"ಬರೋ ವರ್ಷ ನೋಡೋಣ," ಎಂದ ಟೊರ್ಕೆಲ್.

ಮಾರನೆಯ ಬೆಳಿಗ್ಗೆ ನೀರಿಗೆಂದು ಇಳಿದವಳು ಮೇಲೆ ಹತ್ತಲಿಲ್ಲ. ಸೀಗ್ರಿ ಓಡಿ ಬಂದು ನನ್ನನ್ನು ಕರೆದಳು. ಗುನ್‌ಹಿಲ್ಡ್ ಒರತೆಯ ಪಕ್ಕ ಹುಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಗಂಡನ್ನ ಬಿಟ್ಟು ಬಂದ್ಯಾ?" ಎಂದೆ.

"ಬಿಟ್ಟಿಲ್ಲ ಬೆರ್ಟೆ. ಹತ್ತೋಕೆ ಆಗ್ತಿಲ್ಲ, ಅಷ್ಟೇ."

ನಾನು ಗಾಡಿಗೆ ಹೊದಿಸುವ ಬಟ್ಟೆ ಕಟ್ಟಿ ನೆರಳು ಮಾಡಿಕೊಟ್ಟೆ. ಸಂಜೆ ಟೊರ್ಕೆಲ್ ಇಳಿದು ಬಂದ.

"ಮೇಲೆ ನೀರಿಲ್ಲ."

"ಇಲ್ಲಿದೆ. ತಗೊಂಡ್ಹೋಗು."

ಬಕೆಟ್ಟು ತುಂಬಿಸಿ ಅಡ್ಡೆ ಹೊತ್ತು ಹೊರಟ. ಎತ್ತಿನಂಥ ಆಳು. ಆದರೂ ಅಡ್ಡೆಗೆ ಒಗ್ಗದ ಹೆಗಲು, ಹೆಜ್ಜೆ ಹೆಜ್ಜೆಗೂ ನೀರು ತುಳುಕಿ ಕಾಲಿಗೆ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ, ಅವಳು ಬಿದ್ದ ಜಾಗದಲ್ಲೇ, ಅಡ್ಡೆ ಇಳಿಸಿ ಕೂತುಬಿಟ್ಟ. ತುಂಬ ಹೊತ್ತು ಕೂತಿದ್ದು ಕೆಳಗೆ ಬಂದ.

"ನಂಗೆ ಹೇಳ್ಬೇಕಿತ್ತು ನೀನು," ಎಂದ.

"ಹೇಳ್ದೆ. ಎಷ್ಟು ಸಲ ಹೇಳ್ದೆ. ನೀನು ನಿಮ್ಮೂರಿನ ಆ ಬೆಟ್ಟಾನೇ ನೋಡ್ತಿದ್ದೆ."

ಆ ಬೇಸಿಗೆಯಲ್ಲೇ ಒರತೆಯ ಪಕ್ಕ ಹೊಸ ಗೋಡೆ ಎದ್ದಿತು. ಗುನ್‌ಹಿಲ್ಡ್‌ಳ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಬರಿಗೈಯಲ್ಲಿ ನಡೆದರೂ ಅಡ್ಡೆ ಹೊತ್ತವಳ ಹಾಗೆ ಬಾಗಿಯೇ ನಡೆಯುತ್ತಿದ್ದಳು.

ಮೊದಲ ಹಿಮ ಬಿದ್ದ ಮರುದಿನ ಅವರ ಮನೆಗೆ ಹೋದೆ. ಟೊರ್ಕೆಲ್ ಸಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ, ಕಣ್ಣು ಕೆಂಪಗೆ. ರಾತ್ರಿಯೆಲ್ಲ ಹಾಗೇ ಕೂತಿದ್ದನಂತೆ. ಪಾಪ ಅನಿಸಿತು. ಗುನ್‌ಹಿಲ್ಡ್ ಆಗ ತಾನೇ ನಿದ್ದೆ ತಿಳಿದೆದ್ದು ಕಾಫಿಗೆ ನೀರಿಡುತ್ತಿದ್ದಳು.

"ಮಲಗು ಅಂತ ಹೇಳ್ಬಾರ್ದಾ ಅವನಿಗೆ?" ಎಂದೆ.

"ಹೇಳ್ದೆ, ಕೇಳ್ಲಿಲ್ಲ," ಎಂದಳು. "ಇರ್ಲಿ ಬಿಡು. ಇಷ್ಟು ದಿನ ಅವನ ಬೆಟ್ಟಾನ ನಾನು ಹೊತ್ತೆ. ಇನ್ನು ಅವನೇ ಹೊರ್ಲಿ."