ಹೌದು ಎಂದು ಬರೆದವನು

ಹಾಸಿಗೆ ಹೊಲಿಯುವವನಿಗೇ ನಿದ್ದೆ ಬರುವುದಿಲ್ಲ ಎಂದರೆ ಜನ ನಕ್ಕಾರು. ನಗಲಿ ಬಿಡಿ. ಬೀದಿಯವರೆಲ್ಲ ‘ದಬ್ಬಳ’ ಎಂದು ಕರೆಯುತ್ತಿದ್ದ ಆ ಮನುಷ್ಯ ತಿಂಗಳಿಂದ ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಅದಕ್ಕೆ ಕಾರಣ ಸ್ವಂತ ತಮ್ಮ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ ಒಂದು ಹಾಳೆ.

ಅಪ್ಪನ ಕಾಲದ ಅಂಗಡಿ ಅದು. ಹೋದ ವರ್ಷ ಪಾಲಾದಾಗ ನಡುವೆ ಹಲಗೆ ಗೋಡೆ ಎದ್ದಿತು. ಈಚೆ ಅಣ್ಣ, ಆಚೆ ತಮ್ಮ. ಇಬ್ಬರಿಗೂ ಒಂದೊಂದು ಹತ್ತಿ ಹಿಂಜುವ ಯಂತ್ರ. ಮಾಡು ಒಂದೇ, ಬಾಗಿಲ ನಂಬರೂ ಒಂದೇ. ಹಲಗೆ ಮೇಲಿನವರೆಗೂ ಮುಟ್ಟದ ಕಾರಣ ಆಚೆಯ ಸೀನು ಈಚೆಗೂ ಕೇಳುತ್ತಿತ್ತು.

ಪಾಲಾಗುವುದಕ್ಕೆ ಮೊದಲು ಇಬ್ಬರೂ ಜೊತೆಯಾಗಿ ಬೆಂಕಿ ವಿಮೆಗೆ ಅರ್ಜಿ ಹಾಕಿದ್ದರು. ಕಂಪನಿಯವನು ಬಂದು ನೋಡಿದ. ಯಂತ್ರದ ಪಕ್ಕದಲ್ಲೇ ಸ್ವಿಚ್ ಬೋರ್ಡು, ಅದರ ತುಂಬ ಹತ್ತಿಯ ಧೂಳು ಗಡ್ಡದ ಹಾಗೆ ಇಳಿಬಿದ್ದಿತ್ತು. ಅವನು ಒಳಗೆ ಕಾಲಿಡಲೂ ಹೆದರಿದ. ವಾರದಲ್ಲಿ ಕಾಗದ ಬಂತು: ವಿಮೆ ಕೊಡಲಾಗುವುದಿಲ್ಲ. ಮೇಲೆ ಅಣ್ಣತಮ್ಮ ಇಬ್ಬರ ಹೆಸರೂ ಇತ್ತು. ದಬ್ಬಳ ಅದನ್ನು ಮೇಜಿನ ಖಾನೆಗೆ ತುರುಕಿ ಮರೆತುಬಿಟ್ಟ.

ಈ ವರ್ಷ ದೊಡ್ಡ ಹಾಸ್ಟೆಲಿನ ವಾರ್ಡನಮ್ಮ ಹೊಸ ಕಟ್ಟಳೆ ತಂದಳು. ಇನ್ನೂರು ಹಾಸಿಗೆಯ ಕೆಲಸ, ವರ್ಷ ವರ್ಷವೂ. ಆದರೆ ಬೆಂಕಿ ವಿಮೆ ಇರುವ ಅಂಗಡಿಗೆ ಮಾತ್ರ. ತಮ್ಮ ಬೇರೊಂದು ಕಂಪನಿಗೆ ಹೋಗಿ ಹತ್ತೇ ದಿನದಲ್ಲಿ ವಿಮೆ ಮಾಡಿಸಿಕೊಂಡು ಬಂದು, ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಆ ಕಂಪನಿ ಫೋಟೋ ನೋಡಿಯೇ ಒಪ್ಪಿತಂತೆ. ಹಾಸ್ಟೆಲಿನ ಕೆಲಸವೂ ಅವನ ಪಾಲಾಯಿತು.

“ಅದು ಹೇಗೋ ಕೊಟ್ರು ನಿನಗೆ?” ಎಂದು ದಬ್ಬಳ ಹಲಗೆಯ ಈಚೆಯಿಂದಲೇ ಕೇಳಿದ.

“ಹಿಂದೆ ನಿಮಗಾಗಲಿ ನಿಮ್ಮ ಪಾಲುದಾರರಿಗಾಗಲಿ ಯಾರಾದ್ರೂ ವಿಮೆ ಕೊಡಲ್ಲ ಅಂದಿದ್ರಾ ಅಂತ ಒಂದು ಪ್ರಶ್ನೆ ಇತ್ತಣ್ಣ. ಇಲ್ಲ ಅಂತ ಬರೆದೆ. ನೀನೂ ಹಾಗೇ ಬರಿ, ಯಾರು ನೋಡ್ತಾರೆ?”

ಎಷ್ಟು ಸಲೀಸಾಗಿ ಹೇಳಿದ ನೋಡಿ! ದಬ್ಬಳನಿಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದನಲ್ಲ ಎಂದಲ್ಲ, ಹೇಳಿ ದಕ್ಕಿಸಿಕೊಂಡನಲ್ಲ ಎಂದು. ಚಿಕ್ಕಂದಿನಿಂದಲೂ ಇದೇ ಹಣೆಬರಹ. ಇಬ್ಬರೂ ಸೇರಿ ಕಿಟಕಿ ಗಾಜು ಒಡೆದರೆ ಪೆಟ್ಟು ದೊಡ್ಡವನಿಗೆ, ಸಮಾಧಾನ ಚಿಕ್ಕವನಿಗೆ. ಆಚೆ ಗಿರಾಕಿ ನಕ್ಕರೂ ಈಚೆ ದಬ್ಬಳನ ದಾರ ತುಂಡಾಗುತ್ತಿತ್ತು. ತಮ್ಮನ ಅಂಗಡಿ ಮುಂದೆ ಗಾಡಿ ನಿಂತರೆ ಎಷ್ಟು ಹಾಸಿಗೆ ಹೋಯಿತೆಂದು ಎಣಿಸುತ್ತಿದ್ದ. ಊಟಕ್ಕೆ ಕೂತರೂ ಅದೇ ಮಾತು. ಕೊನೆಗೆ ಹೆಂಡತಿ ತಟ್ಟೆ ಕುಕ್ಕಿದಳು: “ಅಂಗಡಿ ಬೆಂಕಿಗೆ ವಿಮೆ ಸಿಗಬಹುದು ಕಣ್ರೀ. ನಿಮ್ಮ ಹೊಟ್ಟೆಕಿಚ್ಚಿಗೆ ಯಾವ ಕಂಪನಿ ಕೊಡುತ್ತೆ?”

ಆ ಮಾತಿಗೆ ಅವನು ಸಿಟ್ಟಾಗಲಿಲ್ಲ. ಕೈ ತೊಳೆದವನೇ ಯೋಚನೆಗೆ ಬಿದ್ದ.

ಮೊದಲು ಎಲೆಕ್ಟ್ರಿಷಿಯನ್ನನನ್ನು ಕರೆಸಿ ತನ್ನ ಕಡೆಯ ವೈರು ಪೂರ್ತಿ ಬದಲಾಯಿಸಿದ. ಸ್ವಿಚ್ ಬೋರ್ಡನ್ನು ಹೊರಗೋಡೆಗೆ ಸಾಗಿಸಿ, ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಿಸಿದ. ಆಮೇಲೆ ಖಾನೆಯಿಂದ ಹಳೆಯ ಕಾಗದ ಹುಡುಕಿ ತೆಗೆದು, ಜೆರಾಕ್ಸ್ ಮಾಡಿಸಿಕೊಂಡು, ತಮ್ಮ ಹೋಗಿದ್ದ ಕಂಪನಿಗೇ ಹೋದ. ಊರಲ್ಲಿ ಬೇರೆ ಮೂರು ಕಂಪನಿಗಳಿದ್ದವು.

ಅರ್ಜಿಯಲ್ಲಿ ಅದೇ ಪ್ರಶ್ನೆ ಬಂತು. ‘ಹೌದು’ ಎಂದು ದಪ್ಪ ಅಕ್ಷರದಲ್ಲಿ ಬರೆದ. ಯಾವ ಕಂಪನಿ, ಯಾವ ವರ್ಷ, ಯಾಕೆ, ಈಗ ಏನು ಸರಿಪಡಿಸಿದ್ದೇನೆ ಎಂದೆಲ್ಲ ಬರೆದ. ಒಂದಕ್ಷರ ಸುಳ್ಳಿಲ್ಲ. ಕೊನೆಗೆ ಜೆರಾಕ್ಸನ್ನೂ ಪಿನ್ನು ಚುಚ್ಚಿ ಸೇರಿಸಿದ.

ಕೌಂಟರಿನ ಕನ್ನಡಕದಮ್ಮ ತಿರುವಿ ನೋಡಿ, “ಇದು ಬೇಕಾಗಿಲ್ಲ ಸ್ವಾಮಿ. ನೀವು ಬರೆದಿದ್ದೀರಲ್ಲ, ಅಷ್ಟೇ ಸಾಕು” ಎಂದಳು.

“ಇರಲಿ ತಾಯಿ. ಇದ್ದರೆ ಒಳ್ಳೇದು.”

ಹಾಗೆ ಹೇಳುವಾಗ ಅವನ ಕಿವಿ ಬಿಸಿಯಾಗಿತ್ತು. ತಾನು ಯಾಕೆ ಚುಚ್ಚಿದೆ ಎಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಈ ಸಲ ಫೋಟೋ ಸಾಲದೆಂದು ಆ ಕಂಪನಿಯವನು ಖುದ್ದಾಗಿ ಬಂದ. ಹೊಸ ಬೋರ್ಡು ನೋಡಿ ತಲೆಯಾಡಿಸಿದ. “ಹಳೇದನ್ನು ಮುಚ್ಚಿಡದೆ ಹೇಳಿದ್ರಿ, ಅದಕ್ಕೇ ನಮಗೂ ಧೈರ್ಯ. ಕಂತು ಸ್ವಲ್ಪ ಜಾಸ್ತಿ ಆಗುತ್ತೆ, ಆದ್ರೆ ಕೊಡ್ತೀವಿ” ಎಂದ. ಹೊರಡುವ ಮುಂಚೆ ಜೆರಾಕ್ಸಿನ ಮೇಲಿದ್ದ ಎರಡು ಹೆಸರು ಓದಿದ, ಹಲಗೆ ಗೋಡೆಯತ್ತ ನೋಡಿದ, ಏನನ್ನೋ ಬರೆದುಕೊಂಡ.

ಹದಿನೈದು ದಿನಕ್ಕೆ ತಮ್ಮನ ವಿಮೆ ರದ್ದಾಯಿತು. ಕಟ್ಟು ಹಾಕಿಸಿದ್ದ ಹಾಳೆ ಗೋಡೆಯಿಂದ ಇಳಿಯಿತು. ಹಾಸ್ಟೆಲಿನ ವಾರ್ಡನಮ್ಮ ಹಲಗೆಯ ಈಚೆಗೆ ಬಂದು ಮಿಕ್ಕ ನೂರೈವತ್ತು ಹಾಸಿಗೆಯನ್ನು ದಬ್ಬಳನಿಗೆ ಒಪ್ಪಿಸಿದಳು. ಬೀದಿಯಲ್ಲೆಲ್ಲ ಅವನದೇ ಮಾತು: ಇದ್ದದ್ದು ಇದ್ದ ಹಾಗೆ ಬರೆದನಂತೆ, ಇದ್ದರೆ ಹೀಗಿರಬೇಕು. ದಬ್ಬಳನಿಗೆ ಹಾಲು ಕುಡಿದಷ್ಟು ಸಂತೋಷ. ಅದು ಮೂರು ದಿನ ಇತ್ತು. ಆಚೆಯ ಯಂತ್ರದ ಸದ್ದು ನಿಂತಿತ್ತು, ಸೀನೂ ಕೇಳುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ತಮ್ಮ ಮುಂಬಾಗಿಲಿನಿಂದಲೇ ಒಳಗೆ ಬಂದ. ಪಾಲಾದ ಮೇಲೆ ಅದೇ ಮೊದಲು. ಕೈಯಲ್ಲಿ ಹೊಸ ಅರ್ಜಿ.

“ನನ್ನ ಕಡೆ ವೈರೂ ಬದಲಾಯಿಸಿದೆ ಅಣ್ಣ. ಈ ಸಲ ನಿನ್ನ ಹಾಗೆ ನಿಜಾನೇ ಬರೀತೀನಿ. ಮೊದಲೇ ಬರೀಬೇಕಿತ್ತು, ಬುದ್ಧಿ ಬರಲಿಲ್ಲ.”

ದಬ್ಬಳ ತಲೆ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಎರಡಕ್ಕೆ ನಾಲ್ಕು ತಿರುಗಿಸಿ ಹೇಳಬಹುದಿತ್ತು. ಇವನೋ, ತಪ್ಪನ್ನೂ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆ! ದಬ್ಬಳ ಸೂಜಿ ಕೆಳಗಿಟ್ಟ.

“ಆ ಹಳೇ ಕಾಗದ ಅವರು ಕೇಳಿರಲಿಲ್ಲ ಕಣೋ. ನಾನೇ ಬೇಕು ಅಂತ ಚುಚ್ಚಿದೆ. ನಿನ್ನ ಹೆಸರು ಕಾಣ್ಲಿ ಅಂತ.”

“ಗೊತ್ತು. ಆಫೀಸಲ್ಲಿ ಆಯಮ್ಮ ಹೇಳಿದ್ರು.”

“ಗೊತ್ತಿದ್ದೂ ಬಂದ್ಯಾ?”

“ಮೂರು ದಿನ ನಿನ್ನ ಮುಖ ನೋಡಬಾರದು ಅಂತಿದ್ದೆ. ಆದ್ರೆ ಇಲ್ಲ ಅಂತ ಬರೆದಿದ್ದು ನನ್ನ ಕೈ ತಾನೇ? ಅದನ್ನು ನೀನು ಬರೆಸಲಿಲ್ಲ.” ತಮ್ಮ ಹತ್ತಿ ಮೂಟೆಯ ಮೇಲೆ ಕೂತ. “ಪೆನ್ನು ಕೊಡು. ಯಾವ ವರ್ಷ ಅದು?”

ದಬ್ಬಳ ಪೆನ್ನು ಕೊಟ್ಟ, ವರ್ಷ ಹೇಳಿದ. ತಮ್ಮ ಮೊಣಕಾಲ ಮೇಲೆ ಅರ್ಜಿ ಇಟ್ಟುಕೊಂಡು ಸಣ್ಣ ಅಕ್ಷರದಲ್ಲಿ ‘ಹೌದು’ ಎಂದು ಬರೆದ. ಯಾರಿಗಾದರೂ ಕೇಡಾಗಲಿ ಎಂದು ಬರೆದದ್ದಲ್ಲ ಅದು. ತನಗೆ ಕೆಲಸ ಸಿಕ್ಕಿತ್ತು, ವಿಮೆ ಸಿಕ್ಕಿತ್ತು, ಬೀದಿಯಲ್ಲಿ ಹೆಸರೂ ಬಂದಿತ್ತು. ಆದರೂ ತಮ್ಮ ಬರೆದ ಆ ಒಂದು ಪದ ನೋಡುತ್ತ ನಿಂತ ದಬ್ಬಳನಿಗೆ ಹಿಂದೆಂದೂ ಆಗದಷ್ಟು ಹೊಟ್ಟೆಕಿಚ್ಚಾಯಿತು.